ಹಿಟ್ಟಿನ ಗಿರಣಿಯೂ ವಿದ್ಯುಚ್ಛಕ್ತಿಯೂ

ಕಳೆದ ಮಾಗಿಯಲ್ಲಿ ನಮ್ಮ ಅಣ್ಣನ ಸೊಸೆ ಊರಿನಿಂದ ದೂರವಾಣಿಯಲ್ಲಿ ಮಾತನಾಡಿ ಒಂದು ಸಲಹೆ ಕೇಳಿದಳು. ಆಕೆ ಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಒಂದು ಚಿಕ್ಕ ಹಿಟ್ಟಿನ ಯಂತ್ರವನ್ನಿಟ್ಟುಕೊಂಡು ರಾಗಿ, ಜೋಳ ಬೀಸಿಕೊಡುತ್ತಾಳೆ. ಬಿಡುವಿದ್ದಾಗ ಖಾರದ ಪುಡಿ, ಶೇಂಗಾ ಚಟ್ನಿಪುಡಿಗಳನ್ನು ಮಾಡಿ ಚಳ್ಳಕೆರೆಯ ಎರಡು ಅಂಗಡಿಗಳಿಗೆ ಹಾಕುತ್ತಾಳೆ. ಈಗ ಮೂರು ಫೇಸಿನ ಸಂಪರ್ಕ ಪಡೆದು, ಬ್ಯಾಂಕಿನಲ್ಲಿ ಸಾಲ ಮಾಡಿ, ಹತ್ತು ಅಶ್ವಶಕ್ತಿಯ ಮೋಟಾರಿನ ದೊಡ್ಡ ಗಿರಣಿಯನ್ನೂ ಶೇಂಗಾ ಎಣ್ಣೆಯ ಗಾಣವನ್ನೂ ಹಾಕಬೇಕೆಂಬುದು ಆಕೆಯ ಅಪೇಕ್ಷೆ. "ಮಾವಾರೆ, ಕಾಲೇಜಿನಾಗೆ ನೀವು ಇದನ್ನೇ ಪಾಠ ಹೇಳ್ದೋರು. ಹಾಕ್ಲೋ ಬ್ಯಾಡ್ವೋ ಹೇಳ್ರಿ" ಎಂದಳು.

ಕೇಳಿದ್ದು ಸಣ್ಣ ಪ್ರಶ್ನೆ. ಆದರೆ ನನಗೆ ಥಟ್ಟನೆ ಉತ್ತರ ಬರಲಿಲ್ಲ. ೧೯೭೭ರಲ್ಲಿ ಅದೇ ಮನೆಯಲ್ಲಿ, ಆಕೆಯ ಮಾವನಿಗೆ, ಎಂದರೆ ನನ್ನ ಅಣ್ಣನಿಗೆ, ಇದೇ ವಿಷಯದಲ್ಲಿ ಅವನು ಕೇಳದೆಯೇ ನಾನು ಸಲಹೆ ಕೊಟ್ಟಿದ್ದೆ. ಆ ಸಲಹೆಯ ಫಲವನ್ನು ಅವನು ಹತ್ತು ವರ್ಷ ಉಂಡನು. "ಎರಡು ದಿನ ಕೊಡಮ್ಮ, ಊರಿಗೇ ಬರುತ್ತೇನೆ" ಎಂದು ಹೇಳಿ ದೂರವಾಣಿಯನ್ನು ಕೆಳಗಿಟ್ಟೆ. ಆ ಎರಡು ದಿನಗಳಲ್ಲಿ ಮನಸ್ಸಿನಲ್ಲಿ ಹಾದುಹೋದುದನ್ನೇ ಇಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಾನು ವಿದ್ಯುದ್ದೀಪವನ್ನು ಮೊದಲು ಕಂಡದ್ದು ೧೯೬೨ರಲ್ಲಿ, ಮಠದ ಉಚಿತ ಪ್ರಸಾದನಿಲಯಕ್ಕೆ ಸೇರಿದ ದಿನ. ಉದ್ದನೆಯ ಹಜಾರದ ನಡುವೆ ಎರಡು ಬಲ್ಬುಗಳು. ಅವುಗಳ ಕೆಳಗೆ ನಲವತ್ತು ಹುಡುಗರು. ಬಲ್ಬಿನ ನೇರ ಕೆಳಗಿನ ಜಾಗಕ್ಕಾಗಿ ನಡೆಯುತ್ತಿದ್ದ ಜಗಳಗಳನ್ನು ನನ್ನ ಜೊತೆಗೆ ಓದಿದವರು ಮರೆತಿರಲಾರರು. ರಾತ್ರಿ ಒಂಬತ್ತೂವರೆಗೆ ದೀಪವಾರಿದ ಮೇಲೂ ಕೆಲವರು ಅಂಗಳದ ಕಂಬದ ದೀಪದ ಅಡಿಗೆ ಹೋಗಿ ಕೂಡುತ್ತಿದ್ದರು. ಊರಿನಲ್ಲಿ ಬುಡ್ಡಿಯ ಹೊಗೆ ಮೂಗಿಗೆ ಹತ್ತಿಸಿಕೊಂಡು ಓದಿದ್ದ ನನಗೆ ಆ ಬೆಳಕು ಏನನ್ನು ಕೊಟ್ಟಿತೆಂಬುದನ್ನು ವಿವರಿಸಬೇಕಾಗಿಲ್ಲ. ಅರ್ಥಶಾಸ್ತ್ರದ ಅಧ್ಯಾಪಕನಾಗಿ ಮುಂದೆ ನಾನು ಮಾಡಿದ ತಪ್ಪಿಗೆ ಬೀಜವಿದ್ದದ್ದೂ ಅಲ್ಲಿಯೇ. ನನಗೆ ದೀಪ ಬಂದ ಮೇಲೆ ವಿದ್ಯೆ ಬಂತು, ವಿದ್ಯೆ ಬಂದ ಮೇಲೆ ಸಂಬಳ ಬಂತು. ಆದುದರಿಂದ ದೇಶಕ್ಕೂ ದೀಪ ಬಂದರೆ ಸಂಪತ್ತು ತಾನಾಗಿ ಬರುತ್ತದೆ ಎಂದು ನಾನು ನಂಬಿದೆ. ದೀಪದ ಹಿಂದೆ ಎರಡು ಹೊತ್ತಿನ ಊಟವಿತ್ತು, ಪುಸ್ತಕಗಳಿದ್ದವು, ಗದರಿಸಿ ಓದಿಸುವ ಗುರುಗಳಿದ್ದರು ಎಂಬುದು ನನ್ನ ಲೆಕ್ಕಕ್ಕೆ ಸೇರಲಿಲ್ಲ.

ನಮ್ಮೂರು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯಲ್ಲಿದೆ. ನಮ್ಮ ತಂದೆಯವರು ೧೯೫೮ರಲ್ಲಿ ಒಂದು ಆಯಿಲ್ ಎಂಜಿನ್ ತಂದು ಹಿಟ್ಟಿನ ಗಿರಣಿ ಹಾಕಿದ್ದರು. ಹೊಗೆಕೊಳವೆಯ ತುದಿಗೆ ತಗಡಿನ ಡಬ್ಬಿ ಕಟ್ಟಿದ್ದುದರಿಂದ ಎಂಜಿನ್ನಿನ ಕುಕ್ ಕುಕ್ ಸದ್ದು ಎರಡು ಮೈಲಿ ಕೇಳುತ್ತಿತ್ತು. ಸದ್ದು ಕೇಳಿದರೆ ಗಿರಣಿ ತೆರೆದಿದೆ ಎಂದು ಅರ್ಥ. ಸುತ್ತಣ ನಾಲ್ಕು ಹಟ್ಟಿಗಳ ಹೆಂಗಸರು ರಾಗಿ, ಜೋಳ, ನವಣೆಗಳ ಪುಟ್ಟಿ ಹೊತ್ತು ಹೊರಟುಬರುತ್ತಿದ್ದರು. ಎಂಜಿನ್ ಕೆಟ್ಟರೆ ತಂದೆಯವರೇ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ಮನೆಯ ಸಂಸಾರ ಹೊಲಕ್ಕಿಂತ ಗಿರಣಿಯಿಂದಲೇ ನಡೆಯಿತೆಂದರೆ ಅತಿಶಯೋಕ್ತಿಯಲ್ಲ.

೧೯೬೮ರಲ್ಲಿ ಊರಿಗೆ ವಿದ್ಯುತ್ತಿನ ಕಂಬಗಳು ಬಂದವು. ಅದು ಶರಾವತಿಯ ಕರೆಂಟು ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಶರಾವತಿ ವಿದ್ಯುದಾಗಾರವನ್ನು ೧೯೬೫ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರಾಷ್ಟ್ರಕ್ಕೆ ಸಮರ್ಪಿಸಿದ್ದ ಸುದ್ದಿ ಇನ್ನೂ ಹಸಿಯಾಗಿತ್ತು. ಆ ಬೆಳಕಿಗಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಹೊಲ, ಮನೆ, ಗುಡಿಗಳನ್ನು ಕಳೆದುಕೊಂಡ ಸಾಗರ, ಹೊಸನಗರ ಸೀಮೆಗಳ ಸಂಸಾರಗಳ ನೆನಪು ಆಗ ನಮಗೆ ಯಾರಿಗೂ ಬರಲಿಲ್ಲ. ಮುಳುಗಡೆಯ ಜನರಲ್ಲಿ ಎಷ್ಟೋ ಮಂದಿ ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಎರಡು ತಲೆಮಾರು ಅಲೆದರು. ಹಿನ್ನೀರಿನ ಆಚೆಯ ತುಮರಿ ಕಡೆಯ ಹಳ್ಳಿಗಳವರು ಲಾಂಚಿನಲ್ಲಿಯೇ ಹೊಳೆ ದಾಟುತ್ತಿದ್ದು, ಅವರಿಗೊಂದು ಸೇತುವೆ ದೊರೆತದ್ದು ೨೦೨೫ರ ಜುಲೈನಲ್ಲಿ. ನಾನು ಕಾಲೇಜಿನಲ್ಲಿ ವಿದ್ಯುತ್ತಿನ ಲಾಭವನ್ನು ಲೆಕ್ಕ ಹಾಕಿಸುತ್ತಿದ್ದ ಮೂವತ್ತೈದು ವರ್ಷಗಳಲ್ಲಿ ಈ ಬಾಬ್ತನ್ನು ಖರ್ಚಿನ ಕಡೆ ಒಂದು ದಿನವೂ ಬರೆಸಲಿಲ್ಲ.

೧೯೭೩ರಲ್ಲಿ ನಾನು ಅಧ್ಯಾಪಕನಾದೆ. ತಂದೆಯವರು ತೀರಿಕೊಂಡ ಮೇಲೆ ಗಿರಣಿಯನ್ನು ಅಣ್ಣ ನೋಡಿಕೊಳ್ಳುತ್ತಿದ್ದನು. ೧೯೭೭ರ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಡೀಸೆಲ್ಲಿನ ಬೆಲೆ ಏರಿದ್ದನ್ನು ಅವನು ಮಾತಿನ ನಡುವೆ ಹೇಳಿದನು. ನನಗೆ ಅಷ್ಟೇ ಸಾಕಾಯಿತು. ಕಾಗದ ತೆಗೆದುಕೊಂಡು ಮೋಟಾರಿಗೆ ಗಂಟೆಗೆ ಎಷ್ಟು ಯೂನಿಟ್, ಯೂನಿಟ್ಟಿಗೆ ಎಷ್ಟು ಪೈಸೆ, ಎಂಜಿನ್ನಿಗೆ ಎಷ್ಟು ಡೀಸೆಲ್ ಎಂದು ಲೆಕ್ಕ ಹಾಕಿ ತೋರಿಸಿದೆ. ಮೋಟಾರೇ ಅರ್ಧಕ್ಕಿಂತ ಅಗ್ಗವಾಗಿ ಕಂಡಿತು. ಅಣ್ಣ ಕಾಗದವನ್ನು ತಿರುಗಿಸಿ ನೋಡಿ, "ಎಂಜಿನ್ ಇದ್ರೆ ಇರ್ಲಿ ಬಿಡೋ, ಮೂಲ್ಯಾಗೆ ಬಿದ್ದಿರ್ತೈತೆ" ಎಂದನು. ಎರಡನ್ನೂ ಇಟ್ಟುಕೊಂಡರೆ ಸಾಲದ ಬಡ್ಡಿ ಹೆಚ್ಚುತ್ತದೆ, ಮಾರಿಬಿಡು ಎಂದು ನಾನು ಒತ್ತಾಯಿಸಿದೆ. ಓದಿದ ತಮ್ಮನ ಮಾತು. ಎಂಜಿನ್ ಮೂರು ಮೈಲಿ ಆಚೆಯ ಹಳ್ಳಿಯವನೊಬ್ಬನಿಗೆ ಹೋಯಿತು. ನಮ್ಮಲ್ಲಿಗೆ ಹತ್ತು ಅಶ್ವಶಕ್ತಿಯ ಮೋಟಾರು ಬಂತು.

ಮೊದಲ ಎರಡು ಮೂರು ವರ್ಷ ನನ್ನ ಲೆಕ್ಕವೇ ಗೆದ್ದಿತು. ಆಮೇಲೆ ಎಂಬತ್ತರ ದಶಕ ಬಂತು. ಆಗ ನಮ್ಮ ರಾಜ್ಯದ ವಿದ್ಯುತ್ತೆಲ್ಲ ನೀರಿನಿಂದಲೇ ಹುಟ್ಟುತ್ತಿತ್ತು. ರಾಯಚೂರಿನ ಕಲ್ಲಿದ್ದಲ ಸ್ಥಾವರದ ಮೊದಲ ಘಟಕ ನಡೆದದ್ದು ೧೯೮೫ರಲ್ಲಿ. ಮಲೆನಾಡಿನಲ್ಲಿ ಮಳೆ ತಪ್ಪಿದರೆ ಬಯಲುಸೀಮೆಯ ಗಿರಣಿ ನಿಲ್ಲಬೇಕಾದ ವಿಚಿತ್ರ ನಂಟು ಅದು. ಹಳ್ಳಿಗಳಿಗೆ ಮೂರು ಫೇಸಿನ ಕರೆಂಟು ದಿನಕ್ಕೆ ನಾಲ್ಕೈದು ಗಂಟೆ, ಅದೂ ಒಮ್ಮೊಮ್ಮೆ ನಡುರಾತ್ರಿ. ಹೆಂಗಸರು ಪುಟ್ಟಿಗಳನ್ನು ಸಾಲಾಗಿಟ್ಟು ಗಿರಣಿಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೂ ಕುಳಿತು, ಕೊನೆಗೆ ಎದ್ದು ಹೋಗುತ್ತಿದ್ದರು. ಕರೆಂಟು ಇದ್ದ ಹೊತ್ತಿನಲ್ಲಿ ಎಲ್ಲರ ಪಂಪುಗಳೂ ಒಟ್ಟಿಗೆ ಓಡಿ ವೋಲ್ಟೇಜ್ ಕುಸಿಯುತ್ತಿತ್ತು. ಮೋಟಾರಿನ ವೈಂಡಿಂಗ್ ಎರಡು ಸಲ ಸುಟ್ಟುಹೋಯಿತು. ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಪೇಟೆಗೆ ಹೋಗಿ ಸುತ್ತಿಸಿ ತರಲು ಪ್ರತಿ ಸಲವೂ ಹತ್ತು ಹನ್ನೆರಡು ದಿನ. ಅತ್ತ ಮೂರು ಮೈಲಿ ಆಚೆಯಿಂದ ನಮ್ಮ ಹಳೆಯ ಎಂಜಿನ್ನಿನ ಕುಕ್ ಕುಕ್ ಸದ್ದು ಗಾಳಿ ಬೀಸಿದಾಗ ನಮ್ಮ ಮನೆಗೇ ಕೇಳುತ್ತಿತ್ತು. ನಮ್ಮೂರಿನ ಹೆಂಗಸರೂ ಅಲ್ಲಿಗೆ ನಡೆಯತೊಡಗಿದರು.

ಒಂದು ದಸರೆಯ ರಜೆಯಲ್ಲಿ ನಾನು ನೊಂದುಕೊಂಡು ಏನೋ ಹೇಳಲು ಹೋದಾಗ ಅಣ್ಣ ನಕ್ಕು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಕರೆಂಟ್ ಬಂದೈತೆ ಅಂತ ಯಾರೂ ಜೋಳ ತರಲ್ಲ ಕಣೋ ತಮ್ಮಾ. ಜೋಳ ತಂದಾಗ ಕರೆಂಟ್ ಇರಬೇಕು, ಅಷ್ಟೇ."

ಇದನ್ನು ಅವನು ಹೇಳಿದ್ದು ನಮ್ಮ ಗಿರಣಿಯ ಬಗ್ಗೆ. ಆದರೆ ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಅರ್ಥಶಾಸ್ತ್ರಜ್ಞರು ಇದೇ ತೊಡಕನ್ನು ಬಿಡಿಸಲು ಹೆಣಗುತ್ತಿದ್ದರು. ಶ್ರೀಮಂತ ದೇಶಗಳು ಹೆಚ್ಚು ವಿದ್ಯುತ್ ಬಳಸುತ್ತವೆ, ಬಡದೇಶಗಳು ಕಡಿಮೆ ಬಳಸುತ್ತವೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ವಿದ್ಯುತ್ತಿನಿಂದ ಸಿರಿ ಬಂತೋ, ಸಿರಿ ಬಂದುದರಿಂದ ವಿದ್ಯುತ್ತಿನ ಬಳಕೆ ಏರಿತೋ? ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಯಾವುದು ಎಳೆಯುತ್ತಿದೆ, ಯಾವುದು ಸುಮ್ಮನೆ ಜೊತೆಗೆ ನಡೆಯುತ್ತಿದೆ ಎಂಬುದು ದೂರದಿಂದ ನೋಡುವವನಿಗೆ ತಿಳಿಯದು. ಅಮೆರಿಕದ ಅಂಕಿಗಳನ್ನು ಹಿಡಿದು ಕ್ರಾಫ್ಟ್ ಎಂಬ ಹೆಸರಿನ ಇಬ್ಬರು ೧೯೭೮ರಲ್ಲಿ ಈ ಪರೀಕ್ಷೆಗೆ ತೊಡಗಿ, ಅಲ್ಲಿ ವರಮಾನವೇ ಶಕ್ತಿಯ ಬಳಕೆಯನ್ನು ಎಳೆಯುತ್ತದೆಂದು ಬರೆದರು. ನಮ್ಮ ದೇಶದ ೧೯೫೦ರಿಂದ ೧೯೯೭ರವರೆಗಿನ ಅಂಕಿಗಳ ಮೇಲೆ ಸಜಲ್ ಘೋಷ್ ಎಂಬವರು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ಹೇಳಿತು: ಆರ್ಥಿಕ ಬೆಳವಣಿಗೆ ಮುಂದೆ, ವಿದ್ಯುತ್ತಿನ ಬಳಕೆ ಹಿಂದೆ. ಬೇರೆ ದೇಶ, ಬೇರೆ ಕಾಲ, ಬೇರೆ ವಿಧಾನಗಳನ್ನು ಹಿಡಿದವರು ಇದಕ್ಕೆ ವಿರುದ್ಧವಾದ ಉತ್ತರಗಳನ್ನೂ ಪಡೆದಿದ್ದಾರೆ. ಒಟ್ಟು ದೇಶದ ಅಂಕಿಗಳಿಂದ ಈ ಜಗಳ ಹರಿಯುವುದಿಲ್ಲವೆಂದು ನನಗೆ ತೋರುತ್ತದೆ.

ಆದರೂ ಒಂದು ಲೆಕ್ಕವನ್ನು ನೋಡದೆ ಮುಂದೆ ಹೋಗಲಾರೆ. ೧೯೫೦–೫೧ರಲ್ಲಿ ನಮ್ಮ ದೇಶದ ಸಾರ್ವಜನಿಕ ಸರಬರಾಜಿನ ವಿದ್ಯುತ್ ಉತ್ಪಾದನೆ ಸುಮಾರು ೫೦೦ ಕೋಟಿ ಯೂನಿಟ್. ೧೯೮೦–೮೧ರಲ್ಲಿ ಸುಮಾರು ೧೧,೦೦೦ ಕೋಟಿ ಯೂನಿಟ್. ಮೂವತ್ತು ವರ್ಷಗಳಲ್ಲಿ ಇಪ್ಪತ್ತು ಪಟ್ಟಿಗೂ ಮಿಗಿಲು. ಅದೇ ಮೂವತ್ತು ವರ್ಷಗಳಲ್ಲಿ ರಾಷ್ಟ್ರೀಯ ವರಮಾನ ಬೆಳೆದದ್ದು ಸುಮಾರು ಮೂರು ಪಟ್ಟು ಮಾತ್ರ. ವಿದ್ಯುತ್ತೇ ಸಂಪತ್ತಾಗಿ ಮಾರ್ಪಡುವುದಾದರೆ ಹೀಗಾಗುತ್ತಿರಲಿಲ್ಲ. ೧೯೯೦ರ ನಂತರ ಚಿತ್ರ ತಿರುಗಿತು. ವರಮಾನವು ವಿದ್ಯುತ್ತಿನೊಡನೆ ಸರಿಸಮವಾಗಿ, ಕೆಲವೊಮ್ಮೆ ಅದಕ್ಕಿಂತ ತುಸು ವೇಗವಾಗಿ ಬೆಳೆಯಿತು. ಬೆಂಗಳೂರಿನ ಕಂಪ್ಯೂಟರಿನ ಮುಂದೆ ಕುಳಿತವನು ಒಂದು ಯೂನಿಟ್ಟಿನಿಂದ ಗಳಿಸುವ ಹಣವನ್ನು ಉಕ್ಕಿನ ಕುಲುಮೆಯವನು ಗಳಿಸಲಾರನು. ಸ್ವಾತಂತ್ರ್ಯ ಬಂದಾಗ ತಲೆಯೊಂದಕ್ಕೆ ವರ್ಷಕ್ಕೆ ೧೬ ಯೂನಿಟ್ಟಿನಷ್ಟಿದ್ದ ನಮ್ಮ ಬಳಕೆ ೨೦೨೩–೨೪ಕ್ಕೆ ೧,೩೯೫ ಯೂನಿಟ್ ಆಯಿತು. ಜಗತ್ತಿನ ಸರಾಸರಿ ಇದರ ಎರಡು ಪಟ್ಟಿಗಿಂತ ಹೆಚ್ಚು. ಈ ಸರಾಸರಿಯಲ್ಲಿ ಕಾರ್ಖಾನೆಗಳೂ ರೈಲುಗಳೂ ಸೇರಿವೆ. ನಮ್ಮೂರಿನ ಒಂಟಿ ಬಲ್ಬಿನ ಮುದುಕಿಗೆ ಅದು ತಿಳಿಯದ ಸಂಖ್ಯೆ.

ನಮ್ಮ ನಾಡಿನ ವಿದ್ಯುತ್ತಿನ ಕಥೆ ಹೇಗೆ ಆರಂಭವಾಯಿತೆಂಬುದನ್ನು ನೆನೆದಾಗ ಅಣ್ಣನ ಮಾತು ನನಗೆ ಇನ್ನೂ ಹೆಚ್ಚು ಅರ್ಥವಾಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಯೋಜನೆಯಾದ ಶಿವನಸಮುದ್ರದ ವಿದ್ಯುದಾಗಾರ ೧೯೦೨ರ ಜೂನ್ ತಿಂಗಳ ಕೊನೆಯಲ್ಲಿ ಕೆಲಸಕ್ಕೆ ತೊಡಗಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. ಆ ವಿದ್ಯುತ್ತು ಮೊದಲು ಹೋದದ್ದು ಮೈಸೂರಿನ ಅರಮನೆಗಾಗಲಿ ಬೆಂಗಳೂರಿನ ಬೀದಿಗಾಗಲಿ ಅಲ್ಲ. ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಕಾಲಕ್ಕೆ ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದ ತಂತಿಮಾರ್ಗಗಳಲ್ಲಿ ಅದೊಂದು. ಗಣಿಗಳಲ್ಲಿ ಉಗಿಯಂತ್ರಗಳು ಆಗಲೇ ಓಡುತ್ತಿದ್ದವು, ಅವಕ್ಕೆ ಸೌದೆ ಕಲ್ಲಿದ್ದಲುಗಳ ಖರ್ಚು ಬೀಳುತ್ತಿತ್ತು. ಎಂದರೆ ಜೋಳದ ಪುಟ್ಟಿ ಹೊತ್ತ ಗಿರಾಕಿ ಬಾಗಿಲಲ್ಲಿ ನಿಂತಾಗಿತ್ತು. ಆಮೇಲೆ ಗಿರಣಿ ಕಟ್ಟಿದರು. ಗಣಿಯವರು ಕೊಟ್ಟ ದುಡ್ಡಿನಿಂದ ವಿದ್ಯುದಾಗಾರ ಬೆಳೆಯಿತು, ಮೂರು ವರ್ಷಗಳ ಅನಂತರ, ೧೯೦೫ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಗಣಿಯ ಆಳದಲ್ಲಿ ದುಡಿದವರಿಗೆ ಅದರಿಂದ ಏನು ದಕ್ಕಿತೆಂಬುದು ಬೇರೆಯ ವಿಚಾರ.

ಹಳ್ಳಿಗಳ ವಿದ್ಯುದೀಕರಣ ಈ ಕ್ರಮದಲ್ಲಿ ನಡೆಯಲಿಲ್ಲ, ನಡೆಯುವಂತೆಯೂ ಇರಲಿಲ್ಲ. ಗಿರಾಕಿ ಬರಲೆಂದು ಕಾಯುತ್ತ ಕುಳಿತಿದ್ದರೆ ಬಡವನ ಮನೆಗೆ ದೀಪವೇ ಬರುತ್ತಿರಲಿಲ್ಲ. ಭಾಗ್ಯಜ್ಯೋತಿಯ ಒಂದು ಬಲ್ಬು ಹತ್ತಿದ ದಿನ ನಮ್ಮೂರ ಕೇರಿಯ ಒಬ್ಬ ತಾಯಿ ಅಕ್ಕಿಯೊಳಗಿನ ಕಲ್ಲು ಕಾಣುತ್ತವೆ ಎಂದು ಸಂತೋಷಪಟ್ಟದ್ದನ್ನು ನಾನು ನೋಡಿದ್ದೇನೆ. ಆ ಸಂತೋಷವನ್ನು ಯಾವ ವರಮಾನದ ಕೋಷ್ಟಕದಲ್ಲಿಯೂ ಬರೆಯಲಾಗದು, ಬರೆಯದಿದ್ದರೂ ಅದು ಸುಳ್ಳಲ್ಲ. ಮಣಿಪುರದ ಲೈಸಾಂಗ್ ಎಂಬ ಹಳ್ಳಿಗೆ ೨೦೧೮ರ ಏಪ್ರಿಲ್ ೨೮ರಂದು ತಂತಿ ಮುಟ್ಟಿದಾಗ ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕರಣಗೊಂಡವೆಂದು ಸಾರಲಾಯಿತು. ಆದರೆ ನೂರಕ್ಕೆ ಹತ್ತು ಮನೆಗಳಿಗೆ ಸಂಪರ್ಕವಿದ್ದು, ಶಾಲೆ ಪಂಚಾಯಿತಿಗಳಲ್ಲಿ ದೀಪವಿದ್ದರೆ ಆ ಹಳ್ಳಿಯನ್ನು ವಿದ್ಯುದೀಕರಣಗೊಂಡ ಹಳ್ಳಿಯೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಉಳಿದ ಮನೆಗಳಿಗೆ ಬೇರೆ ಯೋಜನೆಯೇ ಬೇಕಾಯಿತು.

೨೦೦೫ರಲ್ಲಿ ಆರಂಭವಾದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆಯ ಫಲವನ್ನು ಬರ್ಲಿಗ್, ಪ್ರಿಯೋನಾಸ್ ಎಂಬ ಇಬ್ಬರು ಸಂಶೋಧಕರು ಬಹಳ ಜಾಣತನದಿಂದ ಅಳೆದರು. ಮೊದಲ ಹಂತದಲ್ಲಿ ೩೦೦ ಜನಕ್ಕಿಂತ ಮೇಲ್ಪಟ್ಟ ಜನವಸತಿಗಳಿಗೆ ಮಾತ್ರ ಯೋಜನೆ ಅನ್ವಯಿಸುತ್ತಿತ್ತಾದುದರಿಂದ, ೩೦೦ಕ್ಕಿಂತ ತುಸು ಮೇಲಿನ ಮತ್ತು ತುಸು ಕೆಳಗಿನ ಊರುಗಳನ್ನು ಅವರು ಹೋಲಿಸಿ ನೋಡಿದರು. ಮೇಲಿನ ಊರುಗಳಲ್ಲಿ ದೀಪ ಹೆಚ್ಚಿದ್ದು ಉಪಗ್ರಹದ ಚಿತ್ರಗಳಲ್ಲಿಯೂ ಕಂಡಿತು. ಆದರೆ ಮೂರರಿಂದ ಐದು ವರ್ಷಗಳ ಮೇಲೆ ನೋಡಿದರೂ ಉದ್ಯೋಗದಲ್ಲಾಗಲಿ, ಮನೆಗಳ ಆಸ್ತಿಯಲ್ಲಾಗಲಿ, ಶಾಲೆಗೆ ಹೋಗುವ ಮಕ್ಕಳ ಸಂಖ್ಯೆಯಲ್ಲಾಗಲಿ ಹೇಳಿಕೊಳ್ಳುವಂಥ ಅಂತರ ಸಿಕ್ಕಲಿಲ್ಲ. ಈ ಬರಹವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಮೂವತ್ತೈದು ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸಿದ ವಾಕ್ಯವನ್ನು ಯಾರೋ ಕೆಂಪುಶಾಯಿಯಲ್ಲಿ ಹೊಡೆದುಹಾಕಿದಂತಾಗಿತ್ತು.

ಹಾಗೆಂದು ಕರೆಂಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ತಿಳಿಯಬಾರದು. ಆಲ್ಕಾಟ್ ಮತ್ತು ಅವರ ಸಂಗಡಿಗರು ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ದೇಶದ ಕಾರ್ಖಾನೆಗಳನ್ನೇ ಕುರಿತದ್ದು. ಜಲವಿದ್ಯುತ್ತಿನ ಏರಿಳಿತಗಳ ನೆರವಿನಿಂದ ವಿದ್ಯುತ್ ಕೊರತೆಯ ಪರಿಣಾಮವನ್ನು ಅವರು ಲೆಕ್ಕಹಾಕಿದರು. ಕೊರತೆಯಿಂದ ಸರಾಸರಿ ಕಾರ್ಖಾನೆಯ ಆದಾಯ ನೂರಕ್ಕೆ ಐದರಿಂದ ಹತ್ತರಷ್ಟು ತಗ್ಗುತ್ತದೆ. ಸ್ವಂತ ಜನರೇಟರ್ ಇಲ್ಲದವರಿಗೆ ಪೆಟ್ಟು ಹೆಚ್ಚು. ಈ ಕೊನೆಯ ಸಾಲನ್ನು ಓದುವಾಗ ಮಾರಿಹೋದ ನಮ್ಮ ಆಯಿಲ್ ಎಂಜಿನ್ ಕಣ್ಣ ಮುಂದೆ ನಿಂತಿತು. "ಮೂಲ್ಯಾಗೆ ಬಿದ್ದಿರ್ತೈತೆ" ಎಂದು ಅಣ್ಣ ಹೇಳಿದ್ದು ಇದನ್ನೇ ಅಲ್ಲವೆ? ಹೊಸ ತಂತಿ ಎಳೆದುದರಿಂದ ಆಗುವ ಲಾಭ ಸಣ್ಣದೆಂದು ಒಂದು ಅಧ್ಯಯನ ಹೇಳುತ್ತದೆ; ಇದ್ದ ತಂತಿಯಲ್ಲಿ ವಿದ್ಯುತ್ ನಿಂತಾಗ ಆಗುವ ನಷ್ಟ ದೊಡ್ಡದೆಂದು ಇನ್ನೊಂದು ಹೇಳುತ್ತದೆ. ಎರಡಕ್ಕೂ ವಿರೋಧವಿಲ್ಲ. ದುಡಿಮೆ ನಡೆಯುತ್ತಿರುವ ಕಡೆ ವಿದ್ಯುತ್ತು ಪ್ರಾಣ. ದುಡಿಮೆಗೆ ಬೇಕಾದ ಉಳಿದವು ಇಲ್ಲದ ಕಡೆ ಅದು ದೀಪ.

ಗಿರಣಿಯನ್ನು ಅಣ್ಣ ೧೯೮೬ರಲ್ಲಿ ಮುಚ್ಚಿದನು. ಮೋಟಾರನ್ನು ಮಾರಿ, ಅದಕ್ಕೆ ಇನ್ನಷ್ಟು ಸಾಲ ಸೇರಿಸಿ ಹೊಲದಲ್ಲಿ ಕೊಳವೆಬಾವಿ ಕೊರೆಸಿದನು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದೆನೆಂದು ಹೇಳುವ ಧೈರ್ಯ ನನಗಿಲ್ಲ. ಪಂಪ್‌ಸೆಟ್ಟುಗಳಿಗೆ ಆಗ ಮೀಟರಿನ ಲೆಕ್ಕವಿರಲಿಲ್ಲ, ಅಶ್ವಶಕ್ತಿಯ ಮೇಲೆ ಇಷ್ಟೆಂದು ಕಟ್ಟಿದರಾಯಿತು. ೨೦೦೮ರಿಂದ ಹತ್ತು ಅಶ್ವಶಕ್ತಿಯವರೆಗೆ ಅದೂ ಉಚಿತವಾಯಿತು. ನಮ್ಮ ತಂದೆಯವರ ಕಾಲದ ಕಪಿಲೆ ಬಾವಿಯಲ್ಲಿ ನೀರು ನಲವತ್ತು ಅಡಿಗೆ ಸಿಕ್ಕುತ್ತಿತ್ತು. ಅಣ್ಣನ ಮೊದಲ ಕೊಳವೆಗೆ ೨೦೦ ಅಡಿಯಲ್ಲಿ ನೀರು ಬಂತು. ಅದು ಬತ್ತಿತು, ಎರಡನೆಯದು ೪೫೦ ಅಡಿ. ಮೂರನೆಯದನ್ನು ೮೦೦ ಅಡಿಯವರೆಗೆ ಕೊರೆಸಿದನು.

ಈ ಅಡಿಗಳ ಒಳಗೆ ಒಂದು ಲೆಕ್ಕವಿದೆ, ಅದನ್ನು ಯಾರೂ ರೈತನಿಗೆ ಹೇಳಲಿಲ್ಲ. ಸಾವಿರ ಲೀಟರು ನೀರನ್ನು ೨೦೦ ಅಡಿಯಿಂದ ಎತ್ತಲು, ಹಳ್ಳಿಯ ಸಾಮಾನ್ಯ ಪಂಪಿನಲ್ಲಿ, ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. ಅದೇ ಸಾವಿರ ಲೀಟರನ್ನು ೮೦೦ ಅಡಿಯಿಂದ ಎತ್ತಲು ಎರಡು ಯೂನಿಟ್. ನೀರು ಅಷ್ಟೇ, ಬೆಳೆ ಅಷ್ಟೇ, ಈರುಳ್ಳಿಯ ಬೆಲೆಯೂ ಅಣ್ಣನ ಕೈಯಲ್ಲಿಲ್ಲ. ವಿದ್ಯುತ್ತಿನ ಬಳಕೆ ಮಾತ್ರ ನಾಲ್ಕು ಪಟ್ಟು. ಸರ್ಕಾರದ ಕೋಷ್ಟಕದಲ್ಲಿ ಇದು ವಿದ್ಯುತ್ ಬಳಕೆಯ ಹೆಚ್ಚಳವಾಗಿ, ಅಭಿವೃದ್ಧಿಯ ಗುರುತಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಅದು ಎರಡು ಎಕರೆ ಹೊಲದ ಮಾರಾಟವಾಗಿ ಕಂಡಿತು. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಭಾಗ ಇಂದು ನೀರೆತ್ತುವ ಪಂಪುಗಳಿಗೇ ಹೋಗುತ್ತಿದೆ. ನಡುರಾತ್ರಿ ಕರೆಂಟು ಬಂದಾಗ ತಾನಾಗಿಯೇ ಓಡಲೆಂದು ಸ್ಟಾರ್ಟರಿಗೆ ಉಪಾಯ ಮಾಡಿ ರೈತ ಮಲಗುತ್ತಾನೆ. ಬೆಳಗಿನ ವೇಳೆಗೆ ಹೊಲದ ಬದು ದಾಟಿ ನೀರು ದಾರಿಗೆ ಹರಿದಿರುತ್ತದೆ. ಅವನನ್ನು ದೂರಿ ಫಲವಿಲ್ಲ. ಯಾವಾಗ ಬರುತ್ತದೆಂದು ತಿಳಿಯದ, ಬಂದಾಗ ಬೆಲೆಯಿಲ್ಲದ ವಸ್ತುವನ್ನು ಯಾರಾದರೂ ಹಾಗೆಯೇ ಬಳಸುತ್ತಾರೆ. ಈ ಮಾತನ್ನು ಬರೆಯುವ ನನ್ನ ಮನೆಗೂ ೨೦೨೩ರಿಂದ ಗೃಹಜ್ಯೋತಿಯ ಸೊನ್ನೆಯ ಬಿಲ್ಲು ಬರುತ್ತಿದೆ. ನಾನು ಅದನ್ನು ಹಿಂದಿರುಗಿಸಿಲ್ಲ.

ಅಣ್ಣ ೨೦೧೪ರಲ್ಲಿ ತೀರಿಕೊಂಡನು. ಮೂರನೆಯ ಕೊಳವೆ ಅದಕ್ಕೆ ಎರಡು ವರ್ಷ ಮೊದಲೇ ಬತ್ತಿತ್ತು. ಎಂಜಿನ್ ಮಾರಿಸಿದ ಸಂಗತಿಯನ್ನು ಅವನು ಯಾರ ಮುಂದೆಯೂ ಎತ್ತಿ ಆಡಲಿಲ್ಲ. ಅತ್ತಿಗೆ ಮಾತ್ರ ಒಮ್ಮೆ, ನಾನು ಊಟಕ್ಕೆ ಕುಳಿತಾಗ, "ಗಿರಣಿ ಇದ್ದಿದ್ರೆ ಭೂಮಿ ಉಳೀತಿತ್ತು" ಎಂದು ಗೋಡೆಗೆ ಹೇಳುವವರಂತೆ ಹೇಳಿದರು.

ಎರಡು ದಿನದ ಮೇಲೆ ಹೇಳಿದಂತೆ ಊರಿಗೆ ಹೋದೆ. ಸೊಸೆಯ ಯಂತ್ರ ಒಂದೇ ಫೇಸಿನಲ್ಲಿ ನಡೆಯುವ ಎರಡು ಅಶ್ವಶಕ್ತಿಯದು. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪುಗಳ ತಂತಿಮಾರ್ಗವನ್ನೂ ಊರಿನ ತಂತಿಮಾರ್ಗವನ್ನೂ ಬೇರ್ಪಡಿಸಿದ ಮೇಲೆ ಮನೆಗಳಿಗೆ ಹೆಚ್ಚುಕಡಿಮೆ ದಿನವಿಡೀ ಕರೆಂಟು ಇರುತ್ತದೆ, ವೋಲ್ಟೇಜೂ ನಿಲ್ಲುತ್ತದೆ. ನನ್ನ ಹತ್ತು ಅಶ್ವಶಕ್ತಿಯ ಮೋಟಾರು ಮಾಡಲಾಗದ್ದನ್ನು ಈ ಚಿಕ್ಕ ಯಂತ್ರ ಮಾಡುತ್ತಿರುವುದಕ್ಕೆ ಅದೊಂದು ಕಾರಣ. ಇನ್ನೂ ಕಾರಣಗಳಿವೆ. ಊರಿಗೆ ಡಾಂಬರು ರಸ್ತೆಯಾಗಿದೆ, ಬೆಳಗಿನ ಬಸ್ಸಿನಲ್ಲಿ ಚಟ್ನಿಪುಡಿಯ ಚೀಲ ಚಳ್ಳಕೆರೆಗೆ ಹೋಗುತ್ತದೆ. ಸೊಸೆ ಪಿಯುಸಿ ಓದಿದವಳು, ಲೆಕ್ಕ ಬರೆಯುತ್ತಾಳೆ. ಸ್ತ್ರೀಶಕ್ತಿ ಸಂಘದಿಂದ ಮೊದಲ ಸಾಲ ಸಿಕ್ಕಿತ್ತು. ಪುಡಿ ಕೊಳ್ಳುವ ಅಂಗಡಿಯವರು ಹಣವನ್ನು ಅಂದೇ ಮೊಬೈಲಿಗೆ ಹಾಕುತ್ತಾರೆ. ಇವುಗಳಲ್ಲಿ ಒಂದನ್ನು ಕಿತ್ತರೂ ಯಂತ್ರ ನಿಲ್ಲುತ್ತದೆ. ಕರೆಂಟನ್ನು ಕಿತ್ತರೆ ಅಂದೇ ನಿಲ್ಲುತ್ತದೆ.

ಗಾಣದ ವಿಚಾರ ಅಷ್ಟು ಸುಲಭವಲ್ಲ. ಎಣ್ಣೆಗಿರಣಿಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಚಳ್ಳಕೆರೆಯಲ್ಲಿ ಎಷ್ಟೋ ಗಿರಣಿಗಳು ಕರೆಂಟಿದ್ದೂ ಮುಚ್ಚಿದವು. ಮಳೆಯಿಲ್ಲದೆ ಶೇಂಗಾ ಕಡಿಮೆಯಾಯಿತು, ಹೊರದೇಶದ ತಾಳೆಎಣ್ಣೆ ಅಗ್ಗವಾಗಿ ಬಂದಿತು. ಗಾಣದ ಎಣ್ಣೆಗೆ ಈಗ ಪಟ್ಟಣದಲ್ಲಿ ಮತ್ತೆ ಬೇಡಿಕೆ ಇದೆ ಎನ್ನುತ್ತಾಳೆ ಸೊಸೆ. ಇರಬಹುದು. ೨೦೨೨ರಲ್ಲಿ ಒಂದು ಮದುವೆಗೆಂದು ಪಾವಗಡದ ಕಡೆ ಹೋಗಿದ್ದಾಗ, ಸುಮಾರು ೧೩,೦೦೦ ಎಕರೆಯಲ್ಲಿ ಹಾಸಿದ ಸೂರ್ಯಶಕ್ತಿಯ ಫಲಕಗಳನ್ನು ನೋಡಿದೆ. ೨,೦೫೦ ಮೆಗಾವಾಟ್ ಸಾಮರ್ಥ್ಯ. ೧೯೦೨ರ ಶಿವನಸಮುದ್ರದ ನಾಲ್ಕು ನೂರು ಪಟ್ಟಿಗೂ ಮಿಗಿಲು. ಹೊಲದವರಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭವಾದ ಗುತ್ತಿಗೆ ಬರುತ್ತದೆ, ಎರಡು ವರ್ಷಕ್ಕೊಮ್ಮೆ ಏರುತ್ತದೆ. ಬರದ ಸೀಮೆಗೆ ಅದು ಸಣ್ಣ ಮಾತಲ್ಲ. ಬೇಲಿಯ ಹೊರಗೆ ಕುರಿ ನಿಲ್ಲಿಸಿಕೊಂಡಿದ್ದ ಒಬ್ಬನನ್ನು ಮಾತನಾಡಿಸಿದೆ. ಅವನಿಗೆ ಹೊಲವಿರಲಿಲ್ಲ, ಕೂಲಿಗೆ ಹೋಗುತ್ತಿದ್ದ ಹೊಲಗಳೆಲ್ಲ ಬೇಲಿಯ ಒಳಗಿದ್ದವು. "ನಮಗೇನ್ ಬರ್ತೈತೆ ಸಾಮಿ, ಬಿಸ್ಲು ನಮ್ದೇ" ಎಂದನು. ವಿದ್ಯುತ್ತು ಹುಟ್ಟಿದ ಊರಿನಲ್ಲಿಯೇ ಅದು ದುಡಿಮೆಯಾಗಿ ನಿಲ್ಲುವುದಿಲ್ಲವೆಂಬುದನ್ನು ಶರಾವತಿಯವರು ಮೊದಲು ಕಂಡರು, ಈಗ ಇವನು ಕಾಣುತ್ತಿದ್ದಾನೆ.

ಸೊಸೆಗೆ ಹಾಕು ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಮ್ಮ ಹಳೆಯ ಗಿರಣಿಯ ಕಟ್ಟೆ ಇನ್ನೂ ಇದೆ. ಅದರ ಮೇಲೆ ಕುಳಿತು ಆಕೆಯ ಲೆಕ್ಕದ ಪುಸ್ತಕವನ್ನು ನೋಡಿದೆ. ಯಾವ ತಿಂಗಳು ಎಷ್ಟು ಸೇರು ಬೀಸಿದಳು, ಎಷ್ಟು ಜನ ಶೇಂಗಾ ತಂದು ಎಣ್ಣೆ ಮಾಡಿಕೊಡುತ್ತೀಯಾ ಎಂದು ಕೇಳಿ ಹಿಂದಿರುಗಿದರು ಎಂದು ವಿಚಾರಿಸಿದೆ. ಮೊದಲನೆಯದಕ್ಕೆ ಉತ್ತರವಿತ್ತು, ಎರಡನೆಯದನ್ನು ಆಕೆ ಬರೆದಿರಲಿಲ್ಲ. ಮೂರು ಫೇಸಿನ ಕರೆಂಟು ಊರಿನಲ್ಲಿ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂದು ಕೇಳಿದೆ. ಪಂಪುಗಳಿಗೆ ದಿನಕ್ಕೆ ಏಳು ಗಂಟೆ ಎನ್ನುತ್ತಾರೆ, ಊರಿನ ಲೈನಿನಲ್ಲಿ ಹೇಗಿದೆಯೋ ಗೊತ್ತಿಲ್ಲವೆಂದಳು.

ಪೇಟೆಯಿಂದ ತಂದಿದ್ದ ಇನ್ನೂರು ಪುಟದ ಒಂದು ನೋಟ್‌ಪುಸ್ತಕವನ್ನು ಕೈಗಿತ್ತು, ಯುಗಾದಿಯವರೆಗೆ ಎರಡು ಸಾಲು ದಿನವೂ ಬರೆದಿಡಲು ಹೇಳಿದೆ: ಕರೆಂಟು ಇಲ್ಲದ ಹೊತ್ತು ಯಾವುದು, ಕೆಲಸವಾಗದೆ ಹಿಂದಿರುಗಿದವರು ಎಷ್ಟು ಜನ. "ಇಷ್ಟೇನಾ ಮಾವಾರೆ? ಇದಕ್ಕೆ ಇಷ್ಟು ದೂರ ಬಂದ್ರಾ?" ಎಂದು ಆಕೆ ನಕ್ಕಳು. ಒಳಗಿನಿಂದ ಅತ್ತಿಗೆ ಕೂಗಿ ಊಟಕ್ಕೆ ಕರೆದರು. ಕಳೆದ ವಾರ ಮತ್ತೆ ದೂರವಾಣಿ ಮಾಡಿದ್ದೆ. ಪುಸ್ತಕದಲ್ಲಿ ನಲವತ್ತೊಂದು ದಿನದ ಲೆಕ್ಕ ಸೇರಿದೆಯಂತೆ, ಶೇಂಗಾ ತಂದು ಹಿಂದಿರುಗಿದವರು ಹದಿನೇಳು ಜನರಂತೆ.